ಎಂಟನೇ ದಿನದ ವಿಷ

ವಾಡಿ ಕಡೆಯ ಗಾಡಿ ಹೈದರಾಬಾದಿನ ಬೇಗಂಪೇಟೆ ಸ್ಟೇಷನ್ನಿಗೆ ಬಂದು ನಿಂತರೆ ನಮ್ಮ ಮಂದಿಯನ್ನು ಗುರುತಿಸುವುದು ಕಷ್ಟವಲ್ಲ. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಎಕ್ಸ್‌ರೇ ತುಂಬಿದ ಪ್ಲಾಸ್ಟಿಕ್ ಚೀಲ. ಚಿತ್ತಾಪುರದವರು, ಸೇಡಂ ಕಡೆಯವರು. ಇಳಿದವರೇ ಆಟೋದವನಿಗೆ ಹೇಳುವುದು ಪಂಜಗುಟ್ಟದ ನಿಮ್ಸ್ ಅಂತ, ಇಲ್ಲವೇ ಸೋಮಾಜಿಗೂಡದ ಯಾವುದೋ ಆಸ್ಪತ್ರೆಯ ಹೆಸರು. ವಾಡಿಯಿಂದ ಸಿಕಂದರಾಬಾದಿಗೆ ಈ ಹಳಿ ಬಿದ್ದದ್ದು 1874ರಲ್ಲಿ, ನಿಜಾಮರ ಕಾಲಕ್ಕೆ. ಅಂದಿನಿಂದಲೂ ಅದು ನಮ್ಮ ಕಡೆಯವರನ್ನು ತಂದು ಇಲ್ಲಿ ಇಳಿಸುತ್ತಲೇ ಇದೆ. ವರ್ಷಗಟ್ಟಲೆ ನೋಡಿದ ನನಗೆ ಈಗ ಆ ಮುಖಗಳನ್ನು ಕಂಡರೆ ಒಂದೇ ಪ್ರಶ್ನೆ ಏಳುತ್ತದೆ: ಶುರುವಾಗಿ ಎಷ್ಟು ದಿನ ಆಯಿತೋ?

ಹೋದ ವಾರ ಅದೇ ಗಾಡಿಯಿಂದ ನನ್ನ ಅಕ್ಕನ ಮಗಳು ಇಳಿದಳು. ರೋಗಿಯಾಗಿ ಬಂದವಳಲ್ಲ, ಪುಣ್ಯಕ್ಕೆ. ಎಂ.ಫಾರ್ಮ ಓದುವ ಹುಡುಗಿ. ತಾರ್ನಾಕದ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಕೆಲಸವಿತ್ತು. ಪ್ರಯೋಗಕ್ಕೆ ಬೇಕಾದ ಬಿಳಿ ಇಲಿಗಳನ್ನು ತಳಿ ಕೆಡದಂತೆ ಸಾಕುವ ದೊಡ್ಡ ಕೇಂದ್ರ ಇರುವುದು ಅಲ್ಲೇ. ಚಹಾ ಕುಡಿಯುತ್ತ ಕುಡಿಯುತ್ತ ಎರಡು ಹಾಳೆ ನನ್ನ ಮುಂದೆ ಇಟ್ಟಳು. ಪ್ರಬಂಧದ ಸಿನಾಪ್ಸಿಸ್. ಒಂದು ಗಿಡದ ಎಲೆಯ ಸಾರ ಯಕೃತ್ತನ್ನು ಕಾಪಾಡುತ್ತದೆಯೇ ಎಂದು ನೋಡುವ ಪ್ರಯೋಗ. ಇಲಿಗಳಿಗೆ ಏಳು ದಿನ ಸಾರ ಕುಡಿಸುವುದು. ಎಂಟನೇ ದಿನ ಜ್ವರದ ಮಾತ್ರೆಯ ಔಷಧಿಯನ್ನೇ, ಅಂದರೆ ಪ್ಯಾರಾಸಿಟಮಾಲನ್ನು, ವಿಷವಾಗುವಷ್ಟು ಕೊಡುವುದು. ಒಂಬತ್ತನೇ ದಿನ ರಕ್ತ ತೆಗೆದು, ಯಕೃತ್ತನ್ನು ಕೊಯ್ದು ನೋಡುವುದು.

ನಾನು ಕೇಳಿದೆ: "ಅಲ್ಲವಾ, ಎಂಟನೇ ದಿನ ವಿಷ ಬೀಳತದ ಅಂತ ಯಾವ ರೋಗಿಗೆ ಏಳು ದಿನ ಮುಂಚೆ ಗೊತ್ತಿರತದ?"

"ಮಾಮಾ, ಎಲ್ಲಾರೂ ಹಿಂಗೇ ಮಾಡ್ತಾರ್ರಿ. ಲೈಬ್ರರಿಯೊಳಗ ಒಂದು ಕಪಾಟು ತುಂಬಾ ಅದಾವ, ಹಿಂತಾ ಥೀಸಿಸ್."

ಅವಳು ಹೇಳಿದ್ದು ಖರೆ. ನೆಲನೆಲ್ಲಿ, ಕಾಡಿಗ್ಗರಗ, ನೆಲಬೇವು, ಕಟುಕರೋಹಿಣಿ. ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಯಕೃತ್ತಿನ ಹೆಸರಲ್ಲಿ ಅರೆಯದೆ ಬಿಟ್ಟ ಗಿಡ ಸಿಗುವುದು ಕಷ್ಟ. ಮುಕ್ಕಾಲು ಪಾಲು ಪ್ರಬಂಧಗಳಲ್ಲಿ ಗಿಡ ಗೆಲ್ಲುತ್ತದೆ. ಆಸ್ಪತ್ರೆಯ ಐಸಿಯುಗೆ ಅವುಗಳಲ್ಲಿ ಎಷ್ಟು ಬಂದಿವೆ ಎಂದು ಕೇಳಿದರೆ ಮಾತ್ರ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ.

"ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು" ಅಂತ ನಮ್ಮಲ್ಲಿ ನಗೆಯಾಡುತ್ತಾರೆ. ಡಾಕ್ಟರ ಕಸುಬಿನ ಮಟ್ಟಿಗೆ ಈ ಗಾದೆ ಅನ್ಯಾಯದ್ದು. ಅವರನ್ನು ಕರೆಯುವುದೇ ಕೊಳ್ಳೆ ಹೊಡೆದ ಮೇಲೆ. ಏಳು ದಿನ ಮೊದಲೇ ಬಾಗಿಲು ಜಡಿದ ಕೋಟೆಯೊಳಗೆ ಕಳ್ಳ ನುಗ್ಗಲಿಲ್ಲ ಎಂದು ತೋರಿಸಿದರೆ ಅವರಿಗೆ ಅದರಿಂದ ಏನು ಸಿಕ್ಕಂತಾಯಿತು?

ಸಂಜೆ ಅವಳನ್ನು ಕರಕೊಂಡು ಬೇಗಂಪೇಟೆಯ ಹಳೇ ವಿಮಾನ ನಿಲ್ದಾಣದ ಕಡೆ ಹೊರಟೆ. ಅಲ್ಲಿ ರೊನಾಲ್ಡ್ ರಾಸ್ ಹೆಸರಿನ ಕಟ್ಟಡವಿದೆ, ಈಗ ಉಸ್ಮಾನಿಯಾ ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಬೀಜ ಕಂಡ ಜಾಗ ಎಂದು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿರುತ್ತೇವೆ. ಈ ರಾಸ್ ಮಹಾಶಯ 1883ರಲ್ಲಿ ನಮ್ಮ ಬೆಂಗಳೂರಿನಲ್ಲೂ ಇದ್ದ. ಬಂಗಲೆಯಲ್ಲಿ ಸೊಳ್ಳೆ ಕಾಟ ತಡೆಯಲಾರದೆ ಹುಡುಕಿದಾಗ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿದ್ದವಂತೆ. ಬೆಂಗಳೂರಿನ ಸೊಳ್ಳೆ ನೊಬೆಲ್ ಬಹುಮಾನಕ್ಕೆ ಬಿತ್ತಿದ ಬೀಜ ಎಂದು ನಾವು ಜಂಬ ಕೊಚ್ಚಬಹುದು.

ನಾನು ಹುಡುಗಿಗೆ ಹೇಳಬೇಕೆಂದದ್ದು ತಾರೀಖುಗಳ ಕತೆ. 1897ರ ಆಗಸ್ಟ್ 16ರಂದು ರಾಸ್ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ಮೈಮೇಲೆ ಸೊಳ್ಳೆಗಳನ್ನು ಬಿಟ್ಟ. ಕಚ್ಚಿದ ಸೊಳ್ಳೆಗೆ ಒಂದಾಣೆಯಂತೆ ಅವನಿಗೆ ಕೂಲಿ. ಆಮೇಲೆ ಆ ಸೊಳ್ಳೆಗಳನ್ನು ಒಂದೊಂದಾಗಿ, ಬೇರೆ ಬೇರೆ ದಿನ ಕೊಯ್ಯುತ್ತ ಹೋದ. 20ನೇ ತಾರೀಖು, ಅಂದರೆ ನಾಲ್ಕನೇ ದಿನದ ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಚುಕ್ಕಿಯ ದುಂಡನೆಯ ಕಣಗಳು ಕಂಡವು. ಅಲ್ಲಿಗೇ ನಿಲ್ಲಿಸಿದ್ದರೆ ಅದು ಏನೋ ಒಂದು ಗುಳ್ಳೆ ಎಂದು ಯಾರಾದರೂ ತಳ್ಳಿಹಾಕಬಹುದಿತ್ತು. ಮರುದಿನ, ಐದನೇ ದಿನದ ಸೊಳ್ಳೆಯನ್ನು ಕೊಯ್ದ. ಅದೇ ಕಣಗಳು ಇನ್ನಷ್ಟು ದಪ್ಪಗಾಗಿದ್ದವು. ಬೆಳೆಯುತ್ತಿವೆ ಅಂದರೆ ಜೀವ ಇದೆ. ಆ ಸೊಳ್ಳೆಗಳನ್ನೆಲ್ಲ ಎರಡನೇ ದಿನವೇ ಕೊಯ್ದು ಮುಗಿಸಿದ್ದರೆ ಬೇಗಂಪೇಟೆಯಲ್ಲಿ ರಾಸ್ ಹೆಸರಿನ ಫಲಕ ಇರುತ್ತಿರಲಿಲ್ಲ.

"ಹಂಗಾರ ಟೈಮ್ ಪಾಯಿಂಟ್ ಅನ್ರಿ," ಅಂದಳು ಹುಡುಗಿ. ಜಾಣೆ.

ಈ ಊರಿನಲ್ಲೇ ಅದಕ್ಕೂ ಎಂಟು ವರ್ಷ ಮೊದಲು ಇನ್ನೊಂದು ದೊಡ್ಡ ಪ್ರಯೋಗ ನಡೆದಿತ್ತು. ಅದರ ಫಲಕ ನನಗೆಲ್ಲೂ ಕಂಡಿಲ್ಲ. ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್. ರೆಸಿಡೆನ್ಸಿಯ ಸರ್ಜನ್ ಎಡ್ವರ್ಡ್ ಲಾರಿ ಕ್ಲೋರೋಫಾರ್ಮಿನ ಕಟ್ಟಾ ಭಕ್ತ. ಅದನ್ನು ಮೂಸಿದ ರೋಗಿ ಸಾಯುವುದು ಉಸಿರು ಕಟ್ಟಿಯೇ ಹೊರತು ಹೃದಯ ನಿಂತು ಅಲ್ಲ, ಉಸಿರಿನ ಮೇಲೆ ಕಣ್ಣಿಟ್ಟರೆ ಸಾಕು ಎಂಬುದು ಅವನ ಹಟ. 1888ರಲ್ಲಿ ಮೊದಲ ಕಮಿಷನ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಅದನ್ನೇ ಹೇಳಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ನಂಬಲಿಲ್ಲ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಸರ್ಕಾರ 1,000 ಪೌಂಡ್ ಕೊಟ್ಟು, ನಿಮ್ಮವರನ್ನೇ ಕಳಿಸಿ ನೋಡಿ ಎಂದಿತು. ಲಾಡರ್ ಬ್ರಂಟನ್ ಎಂಬ ಹೆಸರಾಂತ ಔಷಧಶಾಸ್ತ್ರಜ್ಞ 1889ರಲ್ಲಿ ಹಡಗು ಹತ್ತಿ ಬಂದ. ನಾಯಿ, ಮಂಗ, ಮೇಕೆ ಎಂದು ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಬ್ರಂಟನ್ ಕೂಡ ಲಾರಿಯ ಪಕ್ಷ ವಹಿಸಿ ತಂತಿ ಕಳಿಸಿದ.

ಆ ಕಮಿಷನ್ನಿನ ಗಡಿಯಾರದಲ್ಲಿ ಇದ್ದದ್ದು ನಿಮಿಷದ ಮುಳ್ಳು ಮಾತ್ರ. ಮೇಜಿನ ಮೇಲೆ ಮಲಗಿದ ಪ್ರಾಣಿಗೆ ಉಸಿರು ಮೊದಲು ನಿಲ್ಲುತ್ತದೋ ನಾಡಿ ಮೊದಲು ನಿಲ್ಲುತ್ತದೋ ಎನ್ನುವುದಷ್ಟೇ ಪ್ರಶ್ನೆ. ಐದು ವರ್ಷ ಕಳೆದು 1894ರಲ್ಲಿ ಲಂಡನ್ನಿನ ಲೆನಾರ್ಡ್ ಗತ್ರಿ ಎಂಬ ವೈದ್ಯ ಅದೇ ಲ್ಯಾನ್ಸೆಟ್‌ನಲ್ಲಿ ಬರೆದ: ಶಸ್ತ್ರಕ್ರಿಯೆ ಚೆನ್ನಾಗಿ ಮುಗಿದ, ಎಚ್ಚರಗೊಂಡ ಮಕ್ಕಳು ಆಮೇಲೆ ವಾಂತಿ ಮಾಡಿಕೊಂಡು, ಮಂಕಾಗಿ, ದಿನಗಳೊಳಗೆ ತೀರಿಹೋಗುತ್ತಿವೆ, ಕೊಯ್ದು ನೋಡಿದರೆ ಯಕೃತ್ತಿನ ತುಂಬ ಕೊಬ್ಬು. ಕ್ಲೋರೋಫಾರ್ಮು ಮೇಜಿನ ಮೇಲೆ ಬಿಟ್ಟ ಜೀವವನ್ನು ಹಾಸಿಗೆಯಲ್ಲಿ ಹಿಡಿಯುತ್ತಿತ್ತು. ಹೃದಯದ ವಿಷಯದಲ್ಲೂ ಹೈದರಾಬಾದಿನ ತೀರ್ಪು ಉಳಿಯಲಿಲ್ಲ. ಗುಡ್‌ಮನ್ ಲೆವಿ 1911ರಲ್ಲಿ ಬೆಕ್ಕುಗಳ ಮೇಲೆ ತೋರಿಸಿದಂತೆ, ಅರಿವಳಿಕೆ ಆಳವಾದಾಗ ಅಲ್ಲ, ಇನ್ನೂ ತೆಳುವಾಗಿರುವಾಗಲೇ ಹೃದಯ ಅದುರಿ ನಿಂತುಬಿಡಬಹುದು. ಅಷ್ಟೊಂದು ಪ್ರಾಣಿಗಳು, ಅಷ್ಟೊಂದು ಹಣ; ನೋಡಿದ ಹೊತ್ತು ಮಾತ್ರ ಬೇರೆ.

ಇನ್ನೊಂದು ವಿಚಿತ್ರವೂ ಇದೆ. ಕೊಬ್ಬು ಕಟ್ಟಿದ ಹೃದಯಕ್ಕೆ ಕ್ಲೋರೋಫಾರ್ಮ್ ಅಪಾಯವೇ ಎಂದು ನೋಡಲು ಆ ಕಮಿಷನ್ನಿನವರು ಕೆಲವು ನಾಯಿಗಳಿಗೆ ಮೊದಲು ಕೆಲವು ದಿನ ರಂಜಕ ತಿನ್ನಿಸಿದ್ದರು. ರಂಜಕ ಅಂದರೆ ಯಕೃತ್ತಿನ ಪರಮಶತ್ರು. ಅದರ ಮಾತು ಆಮೇಲೆ ಬರುತ್ತದೆ.

ಯಕೃತ್ತು ಒಮ್ಮೆಗೇ ಕೈಕೊಡುವುದನ್ನು ಪ್ರಾಣಿಗಳಲ್ಲಿ ತಾಳ್ಮೆಯಿಂದ, ದಿನ ಲೆಕ್ಕ ಹಾಕಿ ನೋಡಿದವರಲ್ಲಿ ಅಮೆರಿಕದ ಜಾರ್ಜ್ ವಿಪಲ್ ಮುಖ್ಯ. ಮುಂದೆ 1934ರಲ್ಲಿ ನೊಬೆಲ್ ಪಡೆದವನು. 1909ರಲ್ಲಿ ಅವನೂ ಸ್ಪೆರಿ ಎಂಬ ಸಂಗಡಿಗನೂ ನಾಯಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು, ಯಕೃತ್ತು ಹೇಗೆ ಸಾಯುತ್ತದೆ ಎಂಬುದರ ಜೊತೆಗೆ ಹೇಗೆ ಮತ್ತೆ ತುಂಬಿಕೊಳ್ಳುತ್ತದೆ ಎಂಬುದನ್ನೂ ಬರೆದಿಟ್ಟರು. ಉಪವಾಸವಿದ್ದ ನಾಯಿಗೆ ಪೆಟ್ಟು ಹೆಚ್ಚು, ಉಂಡ ನಾಯಿಗೆ ಕಡಿಮೆ ಎಂಬುದು ಅವನ ಶಾಲೆಯ ಪ್ರಯೋಗಗಳಿಂದ ಬೆಳಕಿಗೆ ಬಂತು. 1940ರ ಹೊತ್ತಿಗೆ ಇನ್ನೊಂದು ಹೆಜ್ಜೆ. ಪ್ರೋಟೀನು ಕೊಡದೆ ಸೊರಗಿಸಿದ ನಾಯಿಗೆ ಮೆಥಿಯೋನಿನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲ ಕೊಟ್ಟರೆ ಅದರ ಯಕೃತ್ತು ಕ್ಲೋರೋಫಾರ್ಮನ್ನು ತಾಳಿಕೊಳ್ಳುತ್ತದೆ. ಇಲ್ಲಿಯವರೆಗೆ ನನ್ನ ಸೋದರಸೊಸೆಯ ಪ್ರಬಂಧಕ್ಕೂ ಅದಕ್ಕೂ ಹೆಚ್ಚು ಫರಕಿಲ್ಲ. ಆದರೆ 1942ರಲ್ಲಿ ಅವರು ಅದೇ ಔಷಧಿಯನ್ನು ಕ್ಲೋರೋಫಾರ್ಮ್ ಆದ *ಮೇಲೆ* ಕೊಟ್ಟರು. ಮೊದಲ ಕೆಲವು ಗಂಟೆಯೊಳಗೆ ಕೊಟ್ಟರೆ ಉಳಿಯಿತು, ತಡವಾದರೆ ಇಲ್ಲ. ನನಗಂತೂ ಆ ಪ್ರಯೋಗದ ಗೌರವ ಇರುವುದು ಈ ಒಂದು ಪದದ ಬದಲಾವಣೆಯಲ್ಲಿ. ಮೊದಲು ಎಂಬಲ್ಲಿ ಮೇಲೆ.

ಪ್ಯಾರಾಸಿಟಮಾಲಿನ ಕತೆಯೂ ಅದೇ ದಾರಿಯಲ್ಲಿ ಬಂದದ್ದು. ಹೆಚ್ಚು ನುಂಗಿದರೆ ಅದು ಯಕೃತ್ತನ್ನು ಕೊಲ್ಲುತ್ತದೆ ಎಂದು ಎಡಿನ್‌ಬರೋದಿಂದ ವರದಿ ಬಂದದ್ದು 1966ರಲ್ಲಿ. 1973ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಿಚೆಲ್, ಜಾಲೋ ಮೊದಲಾದವರು ಸುಂಡಿಲಿಗಳಲ್ಲಿ ಕಾರಣ ಹುಡುಕಿದರು. ಮಾತ್ರೆಯೇ ವಿಷವಲ್ಲ, ಯಕೃತ್ತಿನ ಕಿಣ್ವಗಳು ಅದನ್ನು ಒಡೆಯುವಾಗ ಒಂದು ಕೆಟ್ಟ ತುಣುಕು ಹುಟ್ಟುತ್ತದೆ. ಗ್ಲುಟಾಥಯೋನ್ ಎಂಬ ಗಂಧಕದ ಸಂಯುಕ್ತ ಆ ತುಣುಕನ್ನು ಹಿಡಿದು ಹೊರಗೆ ಹಾಕುತ್ತದೆ. ಕಣಜದಲ್ಲಿ ಗ್ಲುಟಾಥಯೋನ್ ಇರುವವರೆಗೆ ಏನೂ ಇಲ್ಲ. ಬರಿದಾದ ಕೂಡಲೇ ತುಣುಕು ಜೀವಕೋಶದ ಪ್ರೋಟೀನುಗಳಿಗೇ ಅಂಟಿಕೊಳ್ಳುತ್ತದೆ. ಹಾಗಾದರೆ ಕಣಜ ತುಂಬಿಸಿದರೆ ಆಯಿತು ಎಂದು ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ ಮತ್ತು ಇತರರು 1970ರ ದಶಕದಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಕೊಡತೊಡಗಿದರು. ಹೈದರಾಬಾದಿನಲ್ಲಿ ಇದ್ದ ಲಾರಿಗೂ ಇವನಿಗೂ ಸಂಬಂಧವಿಲ್ಲ, ಒಬ್ಬನದು ಮನೆತನದ ಹೆಸರು, ಇನ್ನೊಬ್ಬನದು ಕರೆಯುವ ಹೆಸರು. ನುಂಗಿ ಎಂಟು ಗಂಟೆಯೊಳಗೆ ಈ ಔಷಧಿ ರಕ್ತಕ್ಕೆ ಸೇರಿದರೆ ಹೆಚ್ಚುಕಡಿಮೆ ಎಲ್ಲರ ಯಕೃತ್ತೂ ಉಳಿಯುತ್ತದೆ. ಇಂದಿಗೂ ಜಗತ್ತಿನ ಎಮರ್ಜೆನ್ಸಿ ವಾರ್ಡುಗಳು ಆ ಎಂಟು ಗಂಟೆಯನ್ನು ಜಪಿಸುತ್ತವೆ.

ಈಗ ಸಾರ ಕುಡಿಸಿದ ಇಲಿಗೆ ಬರೋಣ. ಏಳು ದಿನ ಕುಡಿದ ಗಿಡದ ರಸ ಯಕೃತ್ತಿನ ಆ ಕಿಣ್ವಗಳನ್ನೇ ಮಂಕು ಮಾಡಿಬಿಟ್ಟಿದ್ದರೆ? ಎಂಟನೇ ದಿನ ಕೊಟ್ಟ ಪ್ಯಾರಾಸಿಟಮಾಲಿನಿಂದ ಕೆಟ್ಟ ತುಣುಕು ಹುಟ್ಟುವುದೇ ಇಲ್ಲ. ಒಂಬತ್ತನೇ ದಿನ ಯಕೃತ್ತು ಹೊಳೆಯುತ್ತದೆ. ಗಿಡ ಗೆದ್ದಿತು ಎನ್ನುತ್ತೇವೆ. ಅದು ಗೆದ್ದದ್ದಲ್ಲ, ಕುಸ್ತಿಯೇ ನಡೆಯಲಿಲ್ಲ. ಗಿಡದ ರಸವನ್ನು ಕರಗಿಸಲು ಬಳಸುವ ಡಿಎಂಎಸ್‌ಒ ಎಂಬ ದ್ರಾವಕ ಒಂದೇ ಸಾಕು, ಆ ಕಿಣ್ವಗಳನ್ನು ತಡೆಯಲು. ಕನ್ಸಾಸಿನ ಹಾರ್ಟ್‌ಮುಟ್ ಯೆಷ್ಕೆ ಎಂಬ ಸಂಶೋಧಕ ಈ ತಪ್ಪನ್ನು ವರ್ಷಗಳಿಂದ ಎತ್ತಿ ತೋರಿಸುತ್ತಲೇ ಇದ್ದಾನೆ. ಅವನು ಹೇಳುವ ಇನ್ನೊಂದು ಮಾತು ನಮ್ಮ ಕಾಲೇಜುಗಳಿಗೆ ನೇರವಾಗಿ ತಾಗುವಂಥದು. ಪ್ಯಾರಾಸಿಟಮಾಲಿಗೆ ಸುಂಡಿಲಿ ಸಾಯುತ್ತದೆ, ದೊಡ್ಡ ಇಲಿ ಅಷ್ಟಾಗಿ ಬಗ್ಗುವುದಿಲ್ಲ. ಬಗ್ಗದ ಇಲಿಯ ಮೇಲೆ ಔಷಧಿ ಪರೀಕ್ಷಿಸುವುದು ಮಳೆಯಿಲ್ಲದ ಊರಲ್ಲಿ ಕೊಡೆ ಮಾರಿದ ಹಾಗೆ.

ಹುಡುಗಿ ನಿಂತುಬಿಟ್ಟಳು. "ಮಾಮಾ, ನಂದು ರ‍್ಯಾಟ್ ಅದ."

"ಗೊತ್ತದವಾ. ಅದಕ್ಕೇ ಹೇಳಿದ್ದು."

ಹಾಗಂತ ವಿಷ ಕೊಟ್ಟ ಮೇಲೆ ಔಷಧಿ ಕೊಟ್ಟರೆ ಎಲ್ಲ ಸರಿಹೋಯಿತು ಎಂದೂ ಅಲ್ಲ. ಎಷ್ಟು ಹೊತ್ತಿನ ಮೇಲೆ? ಸುಂಡಿಲಿಯ ಜೀವ ನಮ್ಮದಕ್ಕಿಂತ ಅವಸರದ್ದು. ಅದರ ಗ್ಲುಟಾಥಯೋನ್ ಕಣಜ ಮೊದಲ ಒಂದು ಗಂಟೆಯೊಳಗೇ ಬರಿದಾಗುತ್ತದೆ; ಒಂದು ದಿನದೊಳಗೆ ಯಕೃತ್ತಿನ ಗಾಯ ತುದಿ ಮುಟ್ಟುತ್ತದೆ; ಎರಡು ಮೂರು ದಿನಕ್ಕೆ, ಸಾಯದೆ ಉಳಿದರೆ, ತಾನೇ ಚೇತರಿಸಿಕೊಳ್ಳುತ್ತಿರುತ್ತದೆ. ಮನುಷ್ಯನಲ್ಲಿ ರಕ್ತದ ಕಿಣ್ವಗಳು ತುದಿ ಮುಟ್ಟುವುದೇ ಎರಡು ಮೂರನೇ ದಿನ. ಮನುಷ್ಯನ ಎಂಟು ಗಂಟೆಗೆ ಸುಂಡಿಲಿಯಲ್ಲಿ ಒಂದೆರಡು ಗಂಟೆ ಸಮ ಇರಬಹುದೇನೋ. ಮೇಲಾಗಿ ಅದು ರಾತ್ರಿ ಸಂಚಾರಿ. ರಾತ್ರಿ ಉಣ್ಣುತ್ತದೆ, ಹಗಲು ಮಲಗುತ್ತದೆ. ಯಕೃತ್ತಿನ ಕಿಣ್ವಗಳೂ ಆ ತಾಳಕ್ಕೇ ಏರಿಳಿಯುತ್ತವೆ. ಅದೇ ಪ್ರಮಾಣದ ವಿಷ ಬೆಳಗ್ಗೆ ಮಾಡುವ ಹಾನಿ ಬೇರೆ, ರಾತ್ರಿ ಮಾಡುವ ಹಾನಿ ಬೇರೆ. ನಮ್ಮ ಪ್ರಬಂಧಗಳಲ್ಲಿ ಗಿಡ ಕಿತ್ತ ತಾಲ್ಲೂಕಿನ ಹೆಸರು ಇರುತ್ತದೆ, ಗುರುತಿಸಿದ ಸಸ್ಯಶಾಸ್ತ್ರಜ್ಞರ ಹೆಸರು ಇರುತ್ತದೆ. ಸೂಜಿ ಚುಚ್ಚಿದ ಹೊತ್ತು ಇರುವುದಿಲ್ಲ.

ಕೇಪ್‌ಟೌನಿನ ಶಸ್ತ್ರವೈದ್ಯ ಜಾನ್ ಟೆರ್‌ಬ್ಲಾಂಚ್ 1991ರಲ್ಲಿ ಹಿಕ್‌ಮನ್ ಜೊತೆ ಸೇರಿ, ಯಕೃತ್ತು ಒಮ್ಮೆಗೇ ಸೋಲುವ ಕಾಯಿಲೆಗೆ ಪ್ರಾಣಿಯಲ್ಲಿ ಒಳ್ಳೆಯ ಮಾದರಿ ಎಂದರೆ ಹೇಗಿರಬೇಕು ಎಂದು ಕೆಲವು ಕಟ್ಟಳೆ ಹಾಕಿದ. ಅವುಗಳಲ್ಲಿ ನನಗೆ ಇಷ್ಟವಾದದ್ದು ಒಂದು: ಪೆಟ್ಟು ಬಿದ್ದ ಗಳಿಗೆಗೂ ಪ್ರಾಣಿ ಸಾಯುವ ಗಳಿಗೆಗೂ ನಡುವೆ ಚಿಕಿತ್ಸೆಗೆ ಒಂದು ಕಿಟಕಿ ಇರಬೇಕು. ಗ್ಯಾಲಕ್ಟೋಸಮೀನ್ ಎಂಬ ಸಕ್ಕರೆಯ ಜೊತೆ ಬ್ಯಾಕ್ಟೀರಿಯಾದ ನಂಜು ಬೆರೆಸಿ ಚುಚ್ಚಿದರೆ ಸುಂಡಿಲಿ ಎಂಟು ಗಂಟೆಯ ಆಸುಪಾಸಿನಲ್ಲಿ ಸತ್ತೇಹೋಗುತ್ತದೆ. ಪತ್ರಿಕೆಗಳಲ್ಲಿ ಬಹಳ ಬಳಕೆಯ ಮಾದರಿ. ಆದರೆ ಅಲ್ಲಿ ಕಿಟಕಿಯೆಲ್ಲಿದೆ? ಬರೀ ಗೋಡೆ. ಹಾಗಾಗಿಯೇ ಅಲ್ಲಿ ಗೆಲ್ಲುವ ಔಷಧಿಗಳೆಲ್ಲ ನಂಜಿಗೆ ಮುಂಚೆಯೇ ಒಳಸೇರಿದವು. ಆ ಮಾದರಿಯಲ್ಲಿ ಯಕೃತ್ತನ್ನು ಕೊಲ್ಲುವ ಟಿಎನ್‌ಎಫ್ ಎಂಬ ಉರಿಯೂತದ ದೂತನನ್ನು ಮೊದಲೇ ಕಟ್ಟಿಹಾಕಿದರೆ ಸುಂಡಿಲಿ ಬದುಕುತ್ತದೆ. ತಮಾಷೆಯೆಂದರೆ, ಗಾಯವಾದ ಯಕೃತ್ತು ಮತ್ತೆ ಬೆಳೆಯಲು ಶುರುಮಾಡುವುದೂ ಇದೇ ಟಿಎನ್‌ಎಫ್ ಸಂದೇಶ ಕೊಟ್ಟಾಗ. ಅದನ್ನು ಕೇಳಿಸಿಕೊಳ್ಳುವ ಕಿವಿಯೇ ಇಲ್ಲದಂತೆ ಮಾಡಿದ ಸುಂಡಿಲಿಗಳಲ್ಲಿ ಯಕೃತ್ತು ಬೆಳೆಯಲು ಒದ್ದಾಡಿತೆಂದು 1997ರಲ್ಲೇ ಗೊತ್ತಾಗಿದೆ. ಬೆಳಗ್ಗೆ ಕೊಲೆಗಾರ, ಸಂಜೆ ಸೂಲಗಿತ್ತಿ.

ಎನ್-ಅಸಿಟೈಲ್‌ಸಿಸ್ಟೀನಿನಂಥ ಸಾಧು ಔಷಧಿಯೂ ಇದಕ್ಕೆ ಹೊರತಲ್ಲ. ಸುಂಡಿಲಿಗಳಿಗೆ ಅದನ್ನು ದಿನಗಟ್ಟಲೆ ಎಳೆದು ಕೊಟ್ಟಾಗ ಯಕೃತ್ತಿನ ಚೇತರಿಕೆ ನಿಧಾನವಾಯಿತು ಎಂದು 2009ರಲ್ಲಿ ಒಂದು ತಂಡ ವರದಿ ಮಾಡಿತು. ಅದೇ ವರ್ಷ ಅಮೆರಿಕದ ವಿಲಿಯಂ ಲೀ ತಂಡ ಮನುಷ್ಯರ ಮೇಲಿನ ಪರೀಕ್ಷೆಯ ಫಲ ಪ್ರಕಟಿಸಿತು. ಪ್ಯಾರಾಸಿಟಮಾಲ್ ಅಲ್ಲದೆ ಬೇರೆ ಕಾರಣಕ್ಕೆ ಯಕೃತ್ತು ಸೋತ 173 ರೋಗಿಗಳು. ಯಕೃತ್ತು ಸೋತಾಗ ಕವಿಯುವ ಮಂಪರು ಇನ್ನೂ ಮೊದಲ ಎರಡು ಮೆಟ್ಟಿಲಲ್ಲಿದ್ದಾಗ ಔಷಧಿ ಸಿಕ್ಕವರಲ್ಲಿ ಕಸಿಯಿಲ್ಲದೆ ಬದುಕಿದವರು ನೂರಕ್ಕೆ 52, ಸಿಗದವರಲ್ಲಿ 30. ಮೂರು ನಾಲ್ಕನೇ ಮೆಟ್ಟಿಲಿಗೆ ಇಳಿದವರಿಗೆ ಅದರಿಂದ ಏನೂ ಆಗಲಿಲ್ಲ. ಬಾಟಲಿ ಅದೇ, ಹನಿ ಅದೇ.

ನಮ್ಮೂರ ಕಾಮಣಿ ಔಷಧಿಯ ಮಾತನ್ನೂ ಇಲ್ಲಿ ಹೇಳಿಬಿಡಬೇಕು. ಭಾನುವಾರ ಮುಂಜಾನೆ, ಬರಿ ಹೊಟ್ಟೆಗೆ, ಹಾಲಿನಲ್ಲಿ ಅರೆದ ಸೊಪ್ಪು. ಮೂರು ವಾರ ಖಾರ ಎಣ್ಣೆ ಬಿಡಬೇಕು. ನನಗೂ ಸಣ್ಣವನಿದ್ದಾಗ ಕುಡಿಸಿದ್ದಾರೆ, ಬದುಕಿದ್ದೇನೆ. ಆದರೆ ಕಲುಷಿತ ನೀರಿನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕಣ್ಣು ಹಳದಿಯಾದ ಮೇಲೆ ವೈದ್ಯನ ಮನೆಗೆ ಹೋಗುವ ಹೊತ್ತಿಗೆ ಇಳಿಯುವ ದಾರಿ ಶುರುವಾಗಿರುತ್ತದೆ. ಸೊಪ್ಪು ಕುಡಿದೆವು, ಇಳಿಯಿತು. ಕುಡಿಯದವರ ಲೆಕ್ಕ ಇಟ್ಟವರಿಲ್ಲ. ಪ್ರಯೋಗಶಾಲೆಯಲ್ಲೂ ಮೂರನೇ ದಿನ ಸುಂಡಿಲಿಯನ್ನು ನೋಡಿ ಔಷಧಿಗೆ ಜಯಕಾರ ಹಾಕಿದರೆ ಆಗುವುದು ಇದೇ. ತಾನೇ ಏಳುತ್ತಿದ್ದವನಿಗೆ ಕೈಕೊಟ್ಟು, ಎಬ್ಬಿಸಿದ್ದು ನಾನು ಎಂದ ಹಾಗೆ. ನೂರರಲ್ಲಿ ಒಬ್ಬಿಬ್ಬರಿಗೆ ಕಾಮಾಲೆ ಇಳಿಯುವ ಬದಲು ಯಕೃತ್ತೇ ಕುಸಿಯುತ್ತದೆ, ಅದರಲ್ಲೂ ಹೆಪಟೈಟಿಸ್ ಇ ತಗಲಿದ ತುಂಬು ಬಸುರಿಯರಲ್ಲಿ. 2005ರಲ್ಲಿ ಹೈದರಾಬಾದಿನಲ್ಲೇ ಆ ಕಾಮಾಲೆ ನೀರಿನ ಮೂಲಕ ಹಬ್ಬಿತ್ತು. ಯಕೃತ್ತು ಕುಸಿಯುತ್ತಿರುವವರಿಗೆ ಮೂರು ವಾರದ ಪಥ್ಯ ಹೇಳುವವನು ಕಿಟಕಿಗೆ ಮೊಳೆ ಹೊಡೆಯುತ್ತಿರುತ್ತಾನೆ.

ರಂಜಕಕ್ಕೆ ಬರುತ್ತೇನೆ ಎಂದಿದ್ದೆ. ದಕ್ಷಿಣ ಭಾರತದ ಆಸ್ಪತ್ರೆಗಳಲ್ಲಿ ಯಕೃತ್ತು ಏಕಾಏಕಿ ಸೋತು ಬರುವವರಲ್ಲಿ ಪ್ಯಾರಾಸಿಟಮಾಲಿನವರಿಗಿಂತ ಇಲಿ ಪೇಸ್ಟಿನವರು ಹೆಚ್ಚು ಎದ್ದುಕಾಣುತ್ತಾರೆ. ಟೂತ್‌ಪೇಸ್ಟಿನ ಹಾಗೆ ಕೊಳವೆಯಲ್ಲಿ ಬರುವ ಕೆಲವು ಇಲಿ ಪಾಷಾಣಗಳಲ್ಲಿ ಇರುವುದು ಹಳದಿ ರಂಜಕ. ಮಕ್ಕಳು ಪೇಸ್ಟೆಂದು ನೆಕ್ಕಿದ್ದೂ ಉಂಟು. ಇದರ ಕ್ರೌರ್ಯ ಇರುವುದು ಅದರ ಗಡಿಯಾರದಲ್ಲಿ. ಮೊದಲ ದಿನ ವಾಂತಿ, ಹೊಟ್ಟೆನೋವು. ಆಮೇಲೆ ಒಂದೆರಡು ದಿನ ಎಲ್ಲ ಸುಮ್ಮನಾಗುತ್ತದೆ. ಮಗು ಆಡುತ್ತದೆ, ಉಣ್ಣುತ್ತದೆ. ಮನೆಯವರು ದೇವರಿಗೆ ಕಾಯಿ ಒಡೆದು ಊರಿಗೆ ಕರಕೊಂಡು ಹೋಗುತ್ತಾರೆ. ಮೂರನೇ, ನಾಲ್ಕನೇ ದಿನ ಕಣ್ಣು ಹಳದಿ, ಮೂಗಲ್ಲಿ ರಕ್ತ, ಮಂಪರು. ಆಗ ಮತ್ತೆ ವಾಡಿ ಗಾಡಿ. ಇದಕ್ಕೆ ಪ್ರತಿವಿಷ ಇಲ್ಲ, ದೊಡ್ಡ ಆಸ್ಪತ್ರೆಗಳಲ್ಲಿ ರಕ್ತದ ಪ್ಲಾಸ್ಮಾ ಬದಲಿಸಿ ನೋಡುತ್ತಾರೆ, ಅದೂ ಬೇಗ ಬಂದಷ್ಟೂ ಒಳ್ಳೆಯದು, ಕೊನೆಗೆ ಕಸಿ. ಒಂದು ಸಲ ಬಾಯಿಗೆ ಹೋಗಿದೆಯೆಂದರೆ ಆ ಸುಮ್ಮನಿರುವ ಎರಡು ದಿನವೂ ಆಸ್ಪತ್ರೆಯಲ್ಲೇ ಇರಬೇಕು. ಇಷ್ಟನ್ನು ಕಲಬುರಗಿ, ಯಾದಗಿರಿ, ರಾಯಚೂರಿನ ಪ್ರತಿ ಬಸ್‌ಸ್ಟ್ಯಾಂಡಿನಲ್ಲಿ ಬರೆಸಿ ಹಾಕಬಾರದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಪಾನ್ ಮಸಾಲಾ ಜಾಹೀರಾತಿಗೆ ಜಾಗ ಇರುತ್ತದೆ.

ಇಂಥ ರೋಗಿಗಳಿಗಾಗಿ ಈ ಊರಿನವರು ಕೈಕಟ್ಟಿ ಕೂತಿಲ್ಲ. ಕಸಿಯ ಸೌಲಭ್ಯ ವಿರಳವಾಗಿದ್ದ ಕಾಲದಲ್ಲೇ, 1994ರಲ್ಲಿ, ಹೈದರಾಬಾದಿನ ಸಿ.ಎಂ. ಹಬೀಬುಲ್ಲಾ ಮತ್ತು ಸಂಗಡಿಗರು ಭ್ರೂಣದ ಯಕೃತ್ತಿನ ಜೀವಕೋಶಗಳನ್ನು 7 ರೋಗಿಗಳ ಉದರಕ್ಕೆ ಸೇರಿಸಿ ನೋಡಿದ ವರದಿ ಪ್ರಕಟಿಸಿದರು. ಯಕೃತ್ತು ತಾನೇ ಮೈಕೊಡವಿ ಏಳುವವರೆಗೆ ನಾಲ್ಕು ದಿನ ಊರುಗೋಲು ಕೊಡುವ ಯೋಚನೆ. ಇಂಥ ಕಸಿಯ ಹಿಂದೆ ಇಲಿಗಳ ಮೇಲೆ ದಶಕಗಳ ಕೆಲಸವಿತ್ತು. ಏಳು ಜನ ಎಂದರೆ ಬಹಳ ಸಣ್ಣ ಲೆಕ್ಕ, ಅದರ ಮೇಲೆ ಮನೆ ಕಟ್ಟಬಾರದು. ಆದರೂ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಮಂಪರಿನ ಮೂರನೇ ಮೆಟ್ಟಿಲಲ್ಲಿದ್ದವರು ಚೇತರಿಸಿಕೊಂಡರು. ನಾಲ್ಕನೆಯದಕ್ಕೆ ಇಳಿದವರಲ್ಲಿ ಆ ಫಲ ಕಾಣಲಿಲ್ಲ. ಮೂರಕ್ಕೂ ನಾಲ್ಕಕ್ಕೂ ನಡುವೆ ಎಷ್ಟೋ ಸಲ ಒಂದು ರಾತ್ರಿಯ ಅಂತರ.

ಕಸಿಯ ಡಾಕ್ಟರರ ಸಂಕಟ ಬೇರೆ ಥರದ್ದು. ಬೇಗ ಕತ್ತರಿಸಿದರೆ ತಾನೇ ಬೆಳೆದು ಉಳಿಯಬಹುದಾಗಿದ್ದ ಯಕೃತ್ತನ್ನು ತೆಗೆದಂತೆ. ಕಾದರೆ ಮೆದುಳು ಬಾತು ರೋಗಿಯೇ ಕೈತಪ್ಪಿದಂತೆ. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯವರು 1989ರಲ್ಲಿ ಅದಕ್ಕೆ ಅಳತೆಗೋಲು ಮಾಡಿಕೊಟ್ಟರು. ಅಳತೆಗೋಲು ಹಿಡಿದೂ ಕೈ ನಡುಗುತ್ತದೆ ಎಂದು ಪರಿಚಯದ ಸರ್ಜನ್ನರೊಬ್ಬರು ಒಮ್ಮೆ ಹೇಳಿದ್ದರು.

ಅಷ್ಟೆಲ್ಲ ಮಾತಾಡಿ ಮನೆಗೆ ಬಂದ ಮೇಲೆ ಹುಡುಗಿ ಸಿನಾಪ್ಸಿಸ್ ತೆಗೆದು ಹಿಂಬದಿಯ ಖಾಲಿ ಹಾಳೆಯಲ್ಲಿ ಗೀಚತೊಡಗಿದಳು. ವಿಷಕ್ಕೆ ಮೊದಲು ಒಂದು ಗುಂಪು ಇರಲಿ, ಹೋಲಿಕೆಗೆ. ವಿಷದ ಒಂದು ಗಂಟೆ ಮೇಲೆ ಒಂದು ಗುಂಪು, ನಾಲ್ಕು ಗಂಟೆ ಮೇಲೆ ಇನ್ನೊಂದು, ಹನ್ನೆರಡು ಗಂಟೆ ಮೇಲೆ ಮತ್ತೊಂದು. ಸಾರ ಹಾಕದೆ ಬರೀ ದ್ರಾವಕ ಕೊಟ್ಟ ಗುಂಪು. ಎನ್-ಅಸಿಟೈಲ್‌ಸಿಸ್ಟೀನ್ ಕೊಟ್ಟ ಗುಂಪು. ಇಲಿಯ ಬದಲು ಸುಂಡಿಲಿ. ಬರೆದು ಮುಗಿಸಿ ಲೆಕ್ಕ ಹಾಕಿದಳು. ಪ್ರಾಣಿಗಳ ಸಂಖ್ಯೆ ಹೆಚ್ಚುತ್ತದೆ, ನೀತಿ ಸಮಿತಿ ಏನನ್ನುತ್ತದೋ. ಆ ಅಂಜಿಕೆ ನ್ಯಾಯವಾದದ್ದು, ಸುಂಡಿಲಿಯದೂ ಜೀವವೇ. ಆದರೆ ಉತ್ತರ ಸಿಗದ ಪ್ರಶ್ನೆಗೆ ಮೂವತ್ತು ಇಲಿ ಕೊಲ್ಲುವುದು ಕಡಿಮೆ ಪಾಪವೆಂದು ನನಗಂತೂ ಅನ್ನಿಸುವುದಿಲ್ಲ.

ಆಮೇಲೆ ತಲೆಯೆತ್ತಿ ನಕ್ಕಳು. "ಮಾಮಾ, ಯಾಕ ಎಲ್ಲಾರೂ ಮೊದಲ ಔಷಧಿ ಕೊಡ್ತಾರ ಗೊತ್ತದ ಏನ್ರಿ? ನಮ್ಮ ಆನಿಮಲ್ ಹೌಸ್ ಹತ್ತಕ್ಕ ತೆರಿತದ, ಐದಕ್ಕ ಬಂದ್. ಅಟೆಂಡರ್ ಕೀಲಿ ತಗೊಂಡು ಹೋಗಿಬಿಡ್ತಾನ. ಹನ್ನೆರಡು ತಾಸಿನ ಡೋಸ್ ಯಾರ ಕೊಡಬೇಕು?"

ಮೂವತ್ತು ವರ್ಷದಲ್ಲಿ ನಾನು ಓದಿದ ಯಾವ ಲೇಖನದಲ್ಲೂ ಈ ಕಾರಣ ಕಂಡಿರಲಿಲ್ಲ.

ಮರುದಿನ ಅವಳನ್ನು ಗಾಡಿ ಹತ್ತಿಸಲು ಸ್ಟೇಷನ್ನಿಗೆ ಹೋದೆ. ಎದುರಿನ ಪ್ಲಾಟ್‌ಫಾರ್ಮಿಗೆ ಆ ಕಡೆಯ ಗಾಡಿ ಬಂದು ನಿಂತಿತ್ತು. ಮುದುಕನೊಬ್ಬನನ್ನು ಇಬ್ಬರು ಹಿಡಿದು ಇಳಿಸುತ್ತಿದ್ದರು, ಹೆಂಗಸೊಬ್ಬಳು ಚೀಲ ಎದೆಗವುಚಿಕೊಂಡು ಹಿಂದೆ ಬರುತ್ತಿದ್ದಳು. ಹುಡುಗಿ ಕಿಟಕಿಯಿಂದ ಅವರನ್ನೇ ನೋಡುತ್ತಿದ್ದಳು. ಗಾಡಿ ಅಲುಗಿದಾಗ ಕೂಗಿ ಹೇಳಿದಳು: "ಮಾಮಾ, ಅಟೆಂಡರ್‌ಗ ಹೇಳಿ ಇನ್ನೊಂದು ಕೀಲಿ ಮಾಡಸ್ತೀನಿ."